ಓರೆ ಎಳೆ

ನೇಕಾರರ ಮನೆಯಲ್ಲಿ ಹುಟ್ಟಿದವನಿಗೆ ಬಟ್ಟೆಯನ್ನು ಓರೆಯಾಗಿ ಹಾಕು ಎಂದರೆ ಮೈ ಪರಚಿಕೊಳ್ಳುವಂತಾಗುತ್ತದೆ. ಎಂಬತ್ತರ ದಶಕದಲ್ಲಿ ನಾನು ಮಗ್ಗ ಬಿಟ್ಟು ಹಿಂದೂಪುರದ ಒಂದು ಫೈಬರ್ ಗ್ಲಾಸ್ ಶೆಡ್ಡಿಗೆ ಸೇರಿದ್ದೆ. ನೀರಿನ ತೊಟ್ಟಿ, ಬಸ್ಸಿನ ಸೀಟು ಮಾಡುವ ಜಾಗ. ಅಲ್ಲಿಗೆ ಒಂದು ದಿನ ಗ್ಲೈಡರಿನ ಬಾಲದ ರಡ್ಡರ್, ಅಂದರೆ ದಿಕ್ಕು ತಿರುಗಿಸುವ ಹಲಗೆ, ಬಂತು. ಎಂಜಿನ್ನಿಲ್ಲದೆ ಹಾರುವ ಆ ವಿಮಾನ ಕಲ್ಯಾಣದುರ್ಗದ ಬಯಲಲ್ಲಿ ಇಳಿಯುವಾಗ ಬಾಲವನ್ನು ನೆಲಕ್ಕೆ ಬಡಿದುಕೊಂಡಿತ್ತು.

“ಭಾನುವಾರ ನಮ್ಮ ಕ್ಯಾಂಪಿನ ಕೊನೇ ದಿನ. ಬೆಳಿಗ್ಗೆ ತಂದುಕೊಡಿ, ನಿಮ್ಮನ್ನೂ ಹಿಂದಿನ ಸೀಟಲ್ಲಿ ಕೂರಿಸಿಕೊಂಡು ಒಂದು ಸುತ್ತು ಹಾಕ್ತೀನಿ” ಎಂದರು ಅದನ್ನು ತಂದ ಪೈಲಟ್. ಶೆಡ್ಡಿನವರು “ಮಾ ವಾಡು ಆಕಾಶಂ ಎಕ್ಕುತಾಡಂಟ!” ನಮ್ಮವನು ಆಕಾಶ ಹತ್ತುತ್ತಾನಂತೆ ಎಂದು ತೆಲುಗಿನಲ್ಲಿ ರೇಗಿಸಿದರು. ಕಲ್ಯಾಣದುರ್ಗದಲ್ಲಿದ್ದ ಅಕ್ಕನಿಗೆ ಬಸ್ ಕಂಡಕ್ಟರ ಕೈಲಿ ಸುದ್ದಿ ಮುಟ್ಟಿಸಿದೆ. “ಮಾಳಿಗೆ ಮೇಲೆ ನನ್ ಮದ್ವೆ ಸೀರೆ ಹಾಸಿರ್ತೀನಿ, ನೋಡ್ಬೇಕು ಕಣ್ಲಾ” ಎಂದು ಹೇಳಿ ಕಳಿಸಿದಳು. ಕೆಂಪು ಸೀರೆ, ನಾನೇ ನೇಯ್ದದ್ದು.

ಒಡೆದ ಜಾಗವನ್ನು ಉಜ್ಜಿ, ಗಾಜಿನ ಬಟ್ಟೆಯ ಪದರಗಳನ್ನಿಟ್ಟು ರೆಸಿನ್ ಅಂಟು ಹಚ್ಚಿದೆ. ಶನಿವಾರ ಬಣ್ಣ ಬಳಿಯುವ ಮುಂಚೆ ನಕ್ಷೆ ನೋಡಿದರೆ ತಪ್ಪು ಕಂಡಿತು. ಎಳೆಗಳು ಓರೆಯಾಗಿರಬೇಕಿತ್ತು, ಗಾಳಿ ತಿರುಚಿದಾಗ ತಡೆದುಕೊಳ್ಳುವುದು ಓರೆ ಎಳೆಯೇ. ನಾನು ಹಾಸು ಉದ್ದಕ್ಕೆ, ಹೊಕ್ಕು ಅಡ್ಡಕ್ಕೆ, ಸೀರೆಗೆ ತೇಪೆ ಹಾಕುವವನ ಹಾಗೆ ನೆಟ್ಟಗೆ ಕೂರಿಸಿದ್ದೆ. ಬಣ್ಣ ಬಿದ್ದರೆ ಬ್ರಹ್ಮನಿಗೂ ಗೊತ್ತಾಗುತ್ತಿರಲಿಲ್ಲ. ಹಾರುವ ಆಸೆ ಎಷ್ಟಿತ್ತೆಂದರೆ, ಬ್ರಷ್ಷನ್ನು ಬಣ್ಣದಲ್ಲಿ ಅದ್ದಿಯೂ ಬಿಟ್ಟೆ. ಆಮೇಲೆ ನನ್ನನ್ನೇ ಬಾಯಿಗೆ ಬಂದಂತೆ ಬೈದುಕೊಂಡು, ಪದರಗಳನ್ನೆಲ್ಲ ಉಜ್ಜಿ ತೆಗೆದು ಹೊಸದಾಗಿ ಹಾಕಿದೆ. ಅದು ಗಟ್ಟಿಯಾಗುವಷ್ಟರಲ್ಲಿ ಭಾನುವಾರ ಕಳೆದುಹೋಯಿತು.

ಸೋಮವಾರ ಬಯಲಿಗೆ ಹೋದಾಗ ಡೇರೆ ಕೀಳುತ್ತಿದ್ದರು. ತಡವಾದದ್ದೇಕೆಂದು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಪೈಲಟ್ ರಡ್ಡರನ್ನು ಬೆರಳಿಂದ ತಟ್ಟಿ ಸದ್ದು ಕೇಳಿ, “ಒಳ್ಳೇ ಕೆಲಸ” ಎಂದು ಲಾರಿಗೇರಿಸಿದರು.

ಅಕ್ಕನ ಮನೆಗೆ ಹೋದೆ. ಬಾಗಿಲಲ್ಲೇ ಹಿಡಿದುಕೊಂಡಳು. “ಅದೇನ್ ಚೆಂದ ಹಾರ್ದೆ ಕಣ್ಲಾ! ರೆಕ್ಕೆನೇ ಬಡೀಲಿಲ್ಲ. ನಮ್ ಮಾಳಿಗೆ ಮೇಲೆ ಎರಡ್ ಸುತ್ತು ಹಾಕ್ಬುಟ್ಟೆ. ನಾನ್ ಕೈ ಬೀಸಿದ್ದು ಕಾಣ್ತಾ?”

ರಡ್ಡರಿಲ್ಲದ ಗ್ಲೈಡರ್ ಭಾನುವಾರ ನೆಲ ಬಿಟ್ಟೇ ಇರಲಿಲ್ಲ; ಅವಳು ಕೈ ಬೀಸಿದ್ದು ಯಾವುದೋ ಹದ್ದಿಗೆ. ರಡ್ಡರಿನ ವಿಷಯದಲ್ಲಿ ಸುಳ್ಳಾಡಲಾರದವನು ಅಲ್ಲಿ ಒಂದು ಕ್ಷಣವೂ ಯೋಚಿಸಲಿಲ್ಲ.

“ಕಾಣ್ತಕ್ಕ. ಸೀರೆನೂ ಕಾಣ್ತು.”

ಅಕ್ಕ ಈಗಿಲ್ಲ. ನಾನು ಇವತ್ತಿಗೂ ಹಾರಿಲ್ಲ. ಆಕಾಶದಲ್ಲಿ ಹದ್ದು ಕಂಡರೆ ಹೊಟ್ಟೆ ಉರಿಯುತ್ತದೆ. ನಾನು ನೇಯ್ದ ಸೀರೆಯನ್ನು ಮೇಲಿಂದ ನೋಡಿದ್ದು ಅದು, ನಾನಲ್ಲ.