ಕೊಂಡಿ ಹೆಚ್ಚಾದ ವರ್ಷ

ನನ್ನ ಕೈಕೆಲಸ ಚೆಂದ ಎಂದು ಯಾರಾದರೂ ಹೇಳಲಿ ಎಂದು ಕಾಯುವ ಸ್ವಭಾವ ನನ್ನದಲ್ಲ. ಚೆಂದವೇ ಇದೆ, ನಾನೇ ಹೇಳುತ್ತೇನೆ. ಮಣಿಸರಕ್ಕೆ ಬೇಕಾಗುವ ತಂತಿಯ ಕೊಂಡಿ, ಸಣ್ಣ ಉಂಗುರ, ಮಣಿ ಜಾರದಂತೆ ತುದಿಯಲ್ಲಿ ಗುಂಡು ಇರುವ ಕಡ್ಡಿ, ಇವನ್ನೆಲ್ಲ ಬನಹಟ್ಟಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ವರ್ಷಗಟ್ಟಲೆ ಮಾಡಿದ್ದೇನೆ. ಜಮಖಂಡಿ, ಮುಧೋಳ, ಬೀಳಗಿ ಕಡೆಯ ಎಷ್ಟೋ ಹೆಣ್ಣುಮಕ್ಕಳ ಕೊರಳಲ್ಲಿ ಅವು ಕೂತಿವೆ. ಈಗಲೂ ಮದುವೆಗೆ ಹೋದರೆ ನಾನು ಮೊದಲು ನೋಡುವುದು ಹೆಂಗಸರ ಮುಖವನ್ನಲ್ಲ, ಹಿಂಗತ್ತನ್ನು. ಸರದ ಎರಡು ತುದಿ ಕೂಡುವ ಜಾಗ ಅದು. "ಮಂದಿ ಏನ ತಿಳ್ಕೊಂಡಾರು, ಮಾರಿ ನೋಡಿ ಮಾತಾಡು" ಎಂದು ನಮ್ಮ ಮನೆಯವರು ಗದರುತ್ತಾರೆ. ತಿಳಿದುಕೊಂಡರೆ ತಿಳಿದುಕೊಳ್ಳಲಿ.

ನನ್ನ ತವರು ಗಲಗಲಿ, ಹೊಳೆದಂಡೆಯ ಊರು. ಮದುವೆಯಾಗಿ ಬನಹಟ್ಟಿಗೆ ಬಂದ ಹೊಸದರಲ್ಲಿ ಮಗ್ಗದ ಸದ್ದಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಮಾವ ಹಿಂದಿನ ಖೋಲಿಯಲ್ಲಿ ಪಾವರ್‌ಲೂಮ್ ನಡೆಸುತ್ತಿದ್ದರು, ಅತ್ತೆ ರಾಟೆಯ ಮುಂದೆ ಕೂತು ಅವಕ್ಕೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದರು. ಇವರು ಮಾತ್ರ ಮಗ್ಗ ಬಿಟ್ಟು ಜಮಖಂಡಿಯ ಒಂದು ಕಚೇರಿಯಲ್ಲಿ ಗುಮಾಸ್ತರಾಗಿ ದಿನಾ ಬಸ್ಸಿಗೆ ಓಡಾಡುತ್ತಿದ್ದರು. ಇಡೀ ಮನೆ ದುಡಿಯುವಾಗ ನಾನೊಬ್ಬಳು ರೊಟ್ಟಿ ಬಡಿದು ಪಾತ್ರೆ ತೊಳೆದು ಸುಮ್ಮನೆ ಕೂಡುವುದು ನನಗೇ ಸರಿಬರುತ್ತಿರಲಿಲ್ಲ.

ಒಂದು ದಿನ ಸಂತೆಯಿಂದ ಬರುವಾಗ ನನ್ನ ಮಣಿಸರದ ಕೊಂಡಿ ಬಿಚ್ಚಿತು. ಅವ್ವ ಕೊಡಿಸಿದ್ದ ಕೆಂಪು ಮಣಿಯ ಸರ, ಕಣ್ಣೆದುರೇ ಸೀದಾ ಗಟಾರಕ್ಕೆ. "ಸುಡ್ಲಿ ಇದರ ಕೊಂಡಿ!" ಎಂದು ದಾರಿಯಲ್ಲೇ ಕೂಗಿದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಸರವನ್ನು ಎತ್ತಿ ತೊಳೆದು ನೋಡಿದರೆ, ಪೇಟೆಗೆ ಪಾಕೀಟಿನಲ್ಲಿ ಬರುವ ಆ ಮುಂಬೈ ಕೊಂಡಿ ಉಗುರಿನಿಂದ ಒತ್ತಿದರೂ ಬಾಗುವಂಥದ್ದು. ಇದಕ್ಕಿಂತ ಛಲೋ ನಾನೇ ಮಾಡುತ್ತೇನೆ ಎಂದುಕೊಂಡೆ, ಅಷ್ಟೇ.

ನಮ್ಮ ಓಣಿಯ ತುದಿಗೆ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿಯಿತ್ತು. ಮಗ್ಗದ ಊರಲ್ಲಿ ಮೋಟರು ಸುಡುವುದಕ್ಕೇನು ಬರ? ಅಲ್ಲಿ ಉಳಿದ ತಾಮ್ರದ ತಂತಿ ತಂದೆ. ಅದರ ಮೇಲೆ ಬಣ್ಣದ ಲೇಪ ಇರುತ್ತದೆ, ಒಲೆಯ ಉರಿಗೆ ಹಿಡಿದು ಅದನ್ನು ಸುಟ್ಟು ಹುಣಸೆಹಣ್ಣಿನಿಂದ ತಿಕ್ಕಿದರೆ ತಂತಿ ಥಳಥಳ ಹೊಳೆಯುತ್ತದೆ. ಸೈಕಲ್ ಕಡ್ಡಿಗೆ ಬಿಗಿಯಾಗಿ ಸುತ್ತಿ, ಸುರುಳಿಯನ್ನು ಹೊರಗೆಳೆದು ಒಂದೊಂದೇ ಸುತ್ತು ಕತ್ತರಿಸಿದರೆ ಉಂಗುರಗಳು. ಕೊಂಡಿಗೆ ಬೇರೆ ಕೈಚಳಕ ಬೇಕು. ಒಂದು ತುದಿಯನ್ನು ನಾವು ಪಕ್ಕಡ ಎನ್ನುವ, ಮೂಗು ಸಣ್ಣಗಿರುವ ಇಕ್ಕಳದಿಂದ ಒಳಗೊಳಗೆ ಸುತ್ತುತ್ತ ಮಾವಿನಕಾಯಿಯ ಆಕಾರಕ್ಕೆ ತರುತ್ತಿದ್ದೆ, ತಕ್ಕಡಿಯ ಹಳೆಯ ಕಬ್ಬಿಣದ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಚಪ್ಪಟೆ ಮಾಡುತ್ತಿದ್ದೆ. ಇನ್ನೊಂದು ತುದಿ ಬಾಗಿದ ಕೊಕ್ಕೆ. ತುದಿಗಳನ್ನು ಸಾಣೆಕಲ್ಲಿಗೆ ಉಜ್ಜದಿದ್ದರೆ ಕೊರಳು ಗೀರುತ್ತದೆ. ಮೊದಮೊದಲು ಗೀರಿದ್ದು ನನ್ನ ಕೊರಳನ್ನೇ.

ಜಮಖಂಡಿಯ ಪೇಟೆಯಲ್ಲಿ ಒಬ್ಬಾಕೆ ಮಣಿ ಪೋಣಿಸಿ ಮಾರುವ ಸಣ್ಣ ಅಂಗಡಿ ಇಟ್ಟಿದ್ದರು. ನನಗಿಂತ ವಯಸ್ಸಿನಲ್ಲಿ ಹಿರಿಯರು, ಮಾತು ಮಾತ್ರ ಚೂರಿ. ನನ್ನ ಮಾವಿನಕಾಯಿ ಕೊಂಡಿಯನ್ನು ಕಣ್ಣ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಯಾರ ಮಾಡ್ಯಾರವಾ ಇದನ್ನ?" ಎಂದರು. "ನಾನs ರೀ" ಎಂದೆ. "ಖರೆ ಹೇಳು." "ನಾನs ಅಂದ್ನೆಲ್ಲ್ರೀ, ಪಕ್ಕಡ ಕೊಡ್ರಿ, ಇಲ್ಲೇ ಮಾಡಿ ತೋರಸ್ತೀನಿ!" ಅವರು ನಕ್ಕುಬಿಟ್ಟರು. ಅಂದಿನಿಂದ ಕೊಂಡಿಗಳ ಪೊಟ್ಟಣ ಇವರ ಊಟದ ಡಬ್ಬಿಯ ಚೀಲದಲ್ಲಿ ಜಮಖಂಡಿಗೆ ಹೋಗತೊಡಗಿತು. ಹೆಂಗಸರು ಹಿಂಗತ್ತಿನ ಮೇಲೆ ಮಾವಿನಕಾಯಿ ಕಾಣಲಿ ಎಂದು ಜಡೆಯನ್ನು ಮುಂದಕ್ಕೆ ಹಾಕಿಕೊಳ್ಳುತ್ತಾರೆಂದು ಆಕೆ ಹೇಳಿ ಕಳಿಸಿದಾಗ ನಾನು ಎರಡು ರೊಟ್ಟಿ ಹೆಚ್ಚೇ ತಿಂದೆ.

ಆಮೇಲೆ ಕೊರಳಿಗೆ ಅಂಟಿದಂತಿರುವ ಸಣ್ಣ ಕರಿಮಣಿ ಸರದ ಹುಚ್ಚು ಬಂತು. ಅದಕ್ಕೂ ನಿನ್ನ ಕೊಂಡಿಯೇ ಬೇಕು ಎಂದು ಅಂಗಡಿಯಾಕೆ ಕೇಳಿದರು. ನಾನು ಹಿಗ್ಗಿ ಮನೆಯಲ್ಲಿ ಹೇಳಿದರೆ ಅತ್ತೆಯ ಕೈಯಲ್ಲಿ ತಿರುಗುತ್ತಿದ್ದ ರಾಟೆ ನಿಂತಿತು.

"ಕಿವಿಗೆ, ಮಣಿಸರಕ್ಕ ಏನರೆ ಮಾಡ್ಕೋ, ನಾ ಬ್ಯಾಡ ಅನ್ನಂಗಿಲ್ಲ. ಕರಿಮಣಿಗೆ ಬ್ಯಾಡ. ಅದು ಮುತ್ತೈದಿ ಕೊಳ್ಳಾಗಿಂದು. ನಾಳೆ ಬಿಚ್ಚಿ ಬಿತ್ತಂದ್ರ ಯಾರ ಮನಿ ಸೊಸಿ ಮಾಡಿದ್ದು ಅಂತ ಕೇಳ್ತಾರ."

"ಬಿಚ್ಚೂದಿಲ್ಲ ಬಿಡ್ರಿ ಅತ್ತಿ."

"ತಂತಿ ಮ್ಯಾಲ ನಂಬಿಗಿ ಇಡಬ್ಯಾಡ ಹುಡುಗಿ. ನಾ ದಾರದಾಗ ಪೋಣಿಸಿದ್ದು ಇವತ್ತಿನ ಮಟ ಹಂಗs ಐತಿ."

ಅತ್ತೆ ಮಾತಾಡಿದ ಮೇಲೆ ಮಾವ ಏನಾದರೂ ಅಂದದ್ದನ್ನು ನಾನು ಕಂಡಿಲ್ಲ. ನಾನು ಮಾತ್ರ ಮಾಡಿದೆ. ಯಾಕೆ ಮಾಡಬಾರದು? ನನ್ನ ಕೊಂಡಿ ಮಣಿಸರಕ್ಕೆ ನಡೆಯುತ್ತದೆ, ಕರಿಮಣಿಗೆ ನಡೆಯುವುದಿಲ್ಲ ಎಂದರೆ ಅದು ಆಟಿಕೆ ಸಾಮಾನು ಅಂದಂತೆಯೇ ಆಯಿತು. ಆ ಮಾತು ನನ್ನನ್ನು ಚುಚ್ಚಿತ್ತು. ಕರಿಮಣಿಯಲ್ಲಿ ಕೂತರೆ ಮಾತ್ರ ಅದು ನಿಜವಾದ ಕೊಂಡಿ ಎಂದು ನನಗೆ ಆವತ್ತೇ ಅನಿಸಿತು. ಆ ವರ್ಷದ ಮದುವೆ ದಿನಗಳಿಗೆ ಹಗಲೆಲ್ಲ ಕೂತು ಮಾಡಿ ಕಳಿಸಿದೆ.

ಕೆಲವು ವಾರ ಕಳೆದಿರಬೇಕು. ಇವರು ಸಂಜೆ ಬಂದು ಚಪ್ಪಲಿ ಬಿಡುತ್ತ, "ಅಂಗಡ್ಯಾಕಿ ಸಿಕ್ಕಿದ್ಲು. ನಿನ್ನ ಕೊಂಡಿ ಹೆಚ್ಚಾಗ್ಯಾವಂತ. ಬಂದು ನೋಡಂದ್ಲು" ಎಂದರು.

"ಹೆಚ್ಚಾಗ್ಯಾವ? ಆಕೀನs ಕೇಳಿದ್ಲಲ್ಲರೀ!"

"ನನಗೇನ ಗೊತ್ತು? ಹೆಚ್ಚಾಗ್ಯಾವ ಅಂದ್ಲು, ಮಾರಿ ಸಣ್ಣದ ಮಾಡಿದ್ಲು. ಇನ್ನ ಕಳಸಬ್ಯಾಡ ಅಂದಂಗಾತು."

ನನಗೆ ಮೈಯೆಲ್ಲ ಉರಿಯಿತು. ಬೇಕಾದಾಗ ಹಾಡಿ ಹೊಗಳುವುದು, ಹೆಚ್ಚಾದ ಮೇಲೆ ಬಂದು ಎತ್ತಿಕೊಂಡು ಹೋಗು ಎನ್ನುವುದು! ನಾನು ಹೋಗಲೂ ಇಲ್ಲ, ಒಂದು ಕೊಂಡಿ ಕಳಿಸಲೂ ಇಲ್ಲ. ಪಕ್ಕಡವನ್ನು ಹಿಟ್ಟಿನ ಡಬ್ಬಿಯ ಹಿಂದೆ ಎಸೆದು ಕೂತೆ. ಇವರು ಒಮ್ಮೆ ಕೇಳಿ ಬೈಸಿಕೊಂಡು ಸುಮ್ಮನಾದರು.

ನೆಂಟರ ಕೂಸಿನ ತೊಟ್ಟಿಲ ಕಾರ್ಯಕ್ಕೆಂದು ಬೆಳ್ಳಿ ಉಡಿದಾರ ತರಲು ನಾನು ಜಮಖಂಡಿಗೆ ಹೋದಾಗ ಆಕೆಯ ಅಂಗಡಿಯ ಮುಂದೆ ಬೇಕೆಂದೇ ಮಾರಿ ತಿರುವಿಕೊಂಡು ನಡೆದೆ. "ಏ ಹುಡುಗಿ, ನಿಂದರು!" ಎಂದು ಇಡೀ ಪೇಟೆಗೆ ಕೇಳುವಂತೆ ಕೂಗಿದರು. ಒಳಗೆ ಹೋದೆ. ಅವರು ನನಗಿಂತ ಸಿಟ್ಟಾಗಿದ್ದರು.

"ಹೆಚ್ಚಾಗ್ಯಾವ ಅಂತ ಹೇಳಿ ಕಳಸಿದ್ರ ಬರೂದ ಬ್ಯಾಡ? ಮುತ್ತೈದೇರು ನನ್ನ ಕಟ್ಟಿ ಹತ್ತಿ ಬಾಯಿ ಮಾಡಾಕತ್ತಾರ, ನೀ ಮನ್ಯಾಗ ಆರಾಮ ಕುಂತಿ!"

"ಹೆಚ್ಚಾಗಿದ್ರ ತಿರುಗಿ ಕೊಡ್ರಿ, ನನಗೇನ..." ಎಂದು ಶುರು ಮಾಡಿದವಳು ಅರ್ಧಕ್ಕೇ ನಿಂತೆ.

ನಮ್ಮ ಕಡೆ ಬಳೆ ಒಡೆದರೆ ಒಡೆಯಿತು ಎನ್ನುವುದಿಲ್ಲ, ಹೆಚ್ಚಿತು ಎನ್ನುತ್ತೇವೆ. ಕರಿಮಣಿ ಹರಿದರೂ ಹರಿಯಿತು ಎಂದು ಬಾಯಿಂದ ಬರಬಾರದು, ಹೆಚ್ಚಾಯಿತು ಎನ್ನಬೇಕು. ಇದು ಹುಟ್ಟಿದಾಗಿನಿಂದ ನನಗೆ ಗೊತ್ತು. ಬಳೆಗೆ ಗೊತ್ತು, ಕರಿಮಣಿಗೆ ಗೊತ್ತು. ಕೊಂಡಿಗೂ ಯಾರಾದರೂ ಹಾಗೆ ಅಂದಾರೆಂದು ಹೊಳೆಯಲೇ ಇಲ್ಲ. ಆ ತಾಯಿ ಮುತ್ತೈದೆಯ ಕೊರಳ ಕೊಂಡಿ ಎಂದು ಮರ್ಯಾದೆಯಿಂದ ಅಂದಿದ್ದರು, ನಮ್ಮ ಗುಮಾಸ್ತರು ಅದನ್ನು ಕಚೇರಿಯ ಲೆಕ್ಕದಂತೆ ತಂದು ಹೇಳಿದ್ದರು.

ಅವರು ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಒಂದು ತಟ್ಟೆ ತೆಗೆದು ನನ್ನ ಮುಂದಿಟ್ಟರು. ನನ್ನವೇ ಕೊಂಡಿಗಳು, ಬಾಯಿ ಬಿಟ್ಟುಕೊಂಡು ಬಿದ್ದಿದ್ದವು. "ನಾಳಿಂದ ಮುಂಬೈ ಪಾಕೀಟ ತರಸ್ತೀನಿ. ಕೆಟ್ಟರೂ ಅದಕ್ಕ ಊರಿಲ್ಲ, ಹೆಸರಿಲ್ಲ" ಎಂದರು. ಅದಕ್ಕಿಂತ ಎರಡು ಕಪಾಳಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. "ಒಂದು ಸಲ ತಡೀರಿ. ಮುಂದಿನ ಸಂತಿ ಮಟ ತಡೀರಿ" ಎಂದೆ. ಅವರು ತಟ್ಟೆಯಲ್ಲಿದ್ದ ಕೊಂಡಿಗಳನ್ನು ನನ್ನ ಸೆರಗಿಗೆ ಸುರಿದರು.

ಅವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಬರುವಾಗ ಅತ್ತು ಮುಗಿಸಿದೆ, ಮನೆಯಲ್ಲಿ ಅಳಬಾರದು ಎಂದು. ಅತ್ತೆ ನನ್ನ ಮುಖ ನೋಡಿದ್ದೇ, "ನಾ ಹೇಳಿದ್ನೆಲ್ಲ" ಎಂದರು. "ಹೇಳಿದ್ರಿ. ಈಗ ಇನ್ನೊಮ್ಮಿ ಹೇಳಬ್ಯಾಡ್ರಿ!" ಎಂದು ಸಿಡಿದು ಹಿಟ್ಟಿನ ಡಬ್ಬಿಯ ಹಿಂದೆ ಕೈ ಹಾಕಿ ಪಕ್ಕಡ ತೆಗೆದೆ.

ಕೊಂಡಿಗಳನ್ನು ಬಿಳಿ ಬಟ್ಟೆಯ ಮೇಲೆ ಹರಡಿ ನೋಡಿದೆ. ಮಾವಿನಕಾಯಿ ಒಂದೂ ಕೆಟ್ಟಿರಲಿಲ್ಲ. ಕೆಟ್ಟಿದ್ದೆಲ್ಲ ಕೊಕ್ಕೆ. ಲೇಪ ಸುಡಲು ಒಲೆಗೆ ಹಿಡಿದಾಗ ತಾಮ್ರ ಮೆತ್ತಗಾಗುತ್ತದೆ. ಮಾವಿನಕಾಯಿಯನ್ನು ಚೆಂದಕ್ಕೆಂದು ಬಡಿದಿದ್ದೆ, ಬಡಿದದ್ದಕ್ಕೇ ಅದು ಗಟ್ಟಿಯಾಗಿತ್ತು. ಕೊಕ್ಕೆ ಹೇಗೂ ಮಾವಿನಕಾಯಿಯ ಹಿಂದೆ ಅಡಗಿರುತ್ತದಲ್ಲವೇ ಎಂದು ಅದಕ್ಕೆ ಸುತ್ತಿಗೆಯನ್ನೇ ಮುಟ್ಟಿಸಿರಲಿಲ್ಲ. ಮಣಿಸರವನ್ನು ಹೆಂಗಸರು ಹಬ್ಬಕ್ಕೊಮ್ಮೆ ಹಾಕಿ ತೆಗೆಯುತ್ತಾರೆ, ಕರಿಮಣಿ ಹಗಲು ರಾತ್ರಿ ಕೊರಳಲ್ಲೇ ಇರುತ್ತದೆ, ಮಕ್ಕಳು ಹಿಡಿದು ಜಗ್ಗುತ್ತವೆ. ಅದಕ್ಕೇ ಅಲ್ಲಿ ತಾಳಿರಲಿಲ್ಲ.

ಹಿತ್ತಾಳೆ ತಂತಿ ತರಿಸಿದೆ, ಅದಕ್ಕೆ ಉರಿ ತೋರಿಸಲಿಲ್ಲ. ಕೊಕ್ಕೆಯ ಬಾಗನ್ನು ಕಬ್ಬಿಣದ ಕಲ್ಲಿನ ಮೇಲೆ ಈ ಮಗ್ಗಲು ಆ ಮಗ್ಗಲು ತಿರುವಿ ಬಡಿದೆ. ಕಡಿಮೆ ಬಡಿದರೆ ಬಾಗುತ್ತಿತ್ತು, ಹೆಚ್ಚು ಬಡಿದರೆ ಸೀಳುತ್ತಿತ್ತು. ಸುತ್ತಿಗೆಯ ಸದ್ದು ಮೊಂಡಾಗಿದ್ದುದು ಟಣ್ ಎನ್ನತೊಡಗಿದರೆ ಅಲ್ಲಿಗೆ ನಿಲ್ಲಿಸಬೇಕು. ಮಗ್ಗದ ಗದ್ದಲದ ನಡುವೆ ಆ ಟಣ್ ಹಿಡಿಯಲು ನನ್ನ ಕಿವಿ ಕಲಿಯಿತು. ಬೆರಳು ಜಜ್ಜಿಕೊಂಡದ್ದನ್ನು ಯಾರಿಗೂ ತೋರಿಸಲಿಲ್ಲ.

ಗಟ್ಟಿಯಾಗಿದೆಯೋ ಇಲ್ಲವೋ ನೋಡಲು ಮೊಳೆಗೆ ಕೊಂಡಿ ಸಿಗಿಸಿ, ಅದಕ್ಕೆ ತುಂಬಿದ ಕೊಡ ತೂಗುಹಾಕಿದ್ದೆ. ಅತ್ತೆ ಬಂದು ನೋಡಿ, "ಸುಮ್ನ ತೂಗೂದಕ್ಕ ಯಾವದರೆ ತಾಳತೈತಿ. ಮಗ್ಗಕ್ಕ ಕಟ್ಟು" ಎಂದರು. ಅವರೇ ಕೊಂಡಿ ಕಸಿದುಕೊಂಡು ಹೋಗಿ ಮಗ್ಗದ ಚೌಕಟ್ಟಿಗೆ ಸಿಗಿಸಿ, ಆ ಕಬ್ಬಿಣದ ಕಲ್ಲನ್ನೇ ಅದಕ್ಕೆ ಇಳಿಬಿಟ್ಟರು. ಮಾವ ಮಗ್ಗ ಚಾಲೂ ಮಾಡಿದರು. ದಡಬಡ ದಡಬಡ ಎಂದು ಚೌಕಟ್ಟು ಅದುರುತ್ತಿದ್ದರೆ ಕಲ್ಲು ಹುಚ್ಚು ಹಿಡಿದಂತೆ ಕುಣಿಯುತ್ತಿತ್ತು. ಸಂಜೆ ಕರೆಂಟ್ ಹೋಗಿ ಮಗ್ಗ ನಿಂತಿತು, ಕೊಂಡಿ ಬಿಟ್ಟಿರಲಿಲ್ಲ. ಅತ್ತೆ ಮರುದಿನವೂ ಕಟ್ಟಿಸಿದರು. ಮರುದಿನವೂ ಬಿಡಲಿಲ್ಲ. ಅವರು ಕೊಂಡಿಯನ್ನು ಬಿಚ್ಚಿ ನನ್ನ ಕೈಗಿತ್ತು ರಾಟೆಯ ಮುಂದೆ ಹೋಗಿ ಕೂತರು.

ಸಂತೆಯ ದಿನ ಜಮಖಂಡಿಗೆ ಹೋಗಿ ಅಂಗಡಿಯ ಕಟ್ಟೆಯ ಮೇಲೆ ಕೂತೆ. ಅಂಗಡಿಯಾಕೆ ಹೇಳಿ ಕಳಿಸಿದ್ದರಿಂದ ನನ್ನ ಕೊಂಡಿ ಹಾಕಿಕೊಂಡವರೆಲ್ಲ ಬಂದಿದ್ದರು, ಹುನ್ನೂರಿನಿಂದಲೂ ಬಂದಿದ್ದರು. ಬೈಯುವವರು ಬೈದರು, ಬೈಸಿಕೊಂಡೆ. ಕೊರಳಿಂದ ಸರ ತೆಗೆಸದೆ, ಎರಡು ತುದಿ ಅವರ ಕೈಗೇ ಹಿಡಿಸಿ, ಹಿಂದೆ ನಿಂತು ಒಬ್ಬೊಬ್ಬರದೂ ಬದಲಿಸಿದೆ. "ಜಗ್ಗಿ ನೋಡ್ರಿ" ಎಂದರೆ ಒಬ್ಬಾಕೆ ಹೆದರಿ ಮೆಲ್ಲಗೆ ಎಳೆದಳು. "ಹಂಗಲ್ಲ, ಗಟ್ಟಿ ಜಗ್ಗು!" ಎಂದು ನಾನೇ ಜಗ್ಗಿದೆ. ಆಕೆ ಹೌಹಾರಿದಳು, ಕೊಂಡಿ ಕದಲಲಿಲ್ಲ. ಅಂಗಡಿಯಾಕೆ ನನಗೊಂದು ಚಹಾ ಹೇಳಿ, "ಮುಂಬೈ ಪಾಕೀಟ ಬ್ಯಾಡ ಬಿಡು" ಎಂದರು. ಆವತ್ತು ಬಸ್ಸಿನಲ್ಲಿ ನಿಂತೇ ಬಂದೆ, ಕಾಲು ನೋಯಲಿಲ್ಲ.

ಆಮೇಲೆ ಒಂದು ಸೋಮವಾರ ಮುಂಜಾನೆ ನಾನು ಪಡಸಾಲೆಯಲ್ಲಿ ತಂತಿ ಹಿಡಿದು ಕೂತಿದ್ದಾಗ ಅತ್ತೆ ಸ್ನಾನ ಮುಗಿಸಿ ಬಂದರು. ಅವರ ಕೊರಳು ನೋಡಿ ನಾನು ತಂತಿಯನ್ನು ಕೆಳಗಿಟ್ಟೆ. ಹಳದಿ ದಾರ, ಅದಕ್ಕೊಂದು ಅರಿಷಿಣ ಕೊಂಬು. ಕರಿಮಣಿ ಅವರ ಅಂಗೈಯಲ್ಲಿತ್ತು.

"ಇದಕ್ಕ ಒಂದು ಹಚ್ಚು" ಎಂದು ನನ್ನ ಮಡಿಲಿಗೆ ಹಾಕಿ ಎದುರಿಗೇ ಕೂತರು. ಅಷ್ಟು ವರ್ಷ ಆ ಕೊರಳಿಂದ ಇಳಿಯದಿದ್ದ ಸರ ಅದು. ಅದರ ಬಿಸಿ ಇನ್ನೂ ಆರಿರಲಿಲ್ಲ. ಪಕ್ಕದ ಮನೆಯಾಕೆ ಹೆಪ್ಪು ಕೇಳಲು ಬಂದು ಅವರ ಕೊರಳು ನೋಡಿ, "ಯವ್ವಾ, ಇದೇನ್ರೀ ಇದು!" ಎಂದು ಬಾಗಿಲಲ್ಲೇ ನಿಂತರು.

"ನಮ್ಮ ಸೊಸಿ ಕೊಂಡಿ ಮಾಡಾಕತ್ತಾಳ. ಆಕಿನ್ನ ಮಾತಾಡಸಬ್ಯಾಡ, ಸುಮ್ನ ಕೂಡು."

ಟಣ್ ಎನ್ನುವ ತನಕ ಬಡಿದೆ. ಉಜ್ಜಿದೆ, ನನ್ನ ಕೊರಳಿಗೆ ಒತ್ತಿ ಗೀರುವುದಿಲ್ಲ ಎಂದು ನೋಡಿದೆ. ಅತ್ತೆಯ ಹಿಂದೆ ಕೂತು, ನೆರೆತ ಕೂದಲನ್ನು ಒಂದು ಮಗ್ಗಲಿಗೆ ಸರಿಸಿ, ಕರಿಮಣಿ ಹಾಕಿ ಕೊಂಡಿ ಸಿಗಿಸಿದೆ. "ಸರಿಯಾತೇನ್ರಿ ಅತ್ತಿ?" ಎಂದೆ. ಅವರು ಸರ ಹಿಡಿದು ತಮ್ಮ ಬಲವೆಲ್ಲ ಹಾಕಿ ಒಮ್ಮೆ ಜಗ್ಗಿದರು. ಆಮೇಲೆ ಹಿಂದೆ ತಿರುಗದೆಯೇ ಹೇಳಿದರು:

"ಆತು ಬಿಡು. ನಾ ಇದನ್ನs ಹಾಕ್ಕೊಂಡ ಮುತ್ತೈದಿಯಾಗಿ ಹೋಗಾಕಿ."