ಹಗೇವಿನ ಮೇಲಿನ ಮನೆ

ನಮ್ಮೂರು ಗೋಗಿಯಲ್ಲಿ ಈಗ ಮಾಳಮ್ಮನ ಸುದ್ದಿ ಆಡದವರಿಲ್ಲ. ಆಡುವವರಲ್ಲಿ ಅರ್ಧ ಮಂದಿಗೆ ಆಕೆಯ ಮುಖ ಕೂಡ ಸರಿಯಾಗಿ ಗೊತ್ತಿಲ್ಲ. ನನಗೆ ಗೊತ್ತು, ನನ್ನ ಹೊಲಿಗೆ ಅಂಗಡಿಯ ಎದುರಿನ ಮನೆಯೇ ಆಕೆಯದು. ಗಂಡನನ್ನು ನುಂಗಿದ ಮನೆಯಲ್ಲಿ ಹೆಂಗಸು ಹೇಗೆ ರೊಟ್ಟಿ ಬಡಿಯುತ್ತಾಳೆ ಎಂದು ಪ್ಯಾಂಟು ಹೊಲಿಸಲು ಬಂದವರೆಲ್ಲ ಕೇಳುತ್ತಾರೆ. ಅಳತೆ ಹಿಡಿಯುವಾಗ ಟೇಪು ಸ್ವಲ್ಪ ಬಿಗಿಯಾಗಿ ಎಳೆದು ಸುಮ್ಮನಾಗಿಸುತ್ತೇನೆ.

ಕುರುಬರ ಮಾಳಮ್ಮ ಹುಟ್ಟಿದ್ದು ಕುರಿಹಿಂಡಿನ ನಡುವೆ. ಗಂಡ ಹುಲಗಪ್ಪನ ಜೊತೆ ಬಾಳಿದ್ದೂ ಹಿಂಡಿನ ಹಿಂದೆಯೇ. ಬೆಳೆ ಕೊಯ್ದ ಹೊಲದಲ್ಲಿ ಗೊಬ್ಬರಕ್ಕಾಗಿ ರಾತ್ರಿಯಿಡೀ ಕುರಿ ತರುಬಿ ನಿಲ್ಲಿಸುವುದು, ಹೊಲದವರು ಕೊಟ್ಟ ಜೋಳದಲ್ಲಿ ಉಣ್ಣುವುದು, ಮೇವು ತೀರಿದರೆ ಮುಂದಿನ ಊರಿಗೆ ನಡೆಯುವುದು. ಜೋಳ ಸಿಕ್ಕಷ್ಟೂ ಆಗಿಂದಾಗ ಮುಗಿಯುತ್ತಿತ್ತು, ಕೂಡಿಡುವ ಮಾತೇ ಇರಲಿಲ್ಲ. ಮಗಳು ಜ್ಯೋತಿಯನ್ನು ತಿಂಥಣಿ ಕಡೆ ಮದುವೆ ಮಾಡಿಕೊಟ್ಟ ಮೇಲೆ ಆಕೆ ಹಟ ಹಿಡಿದಳು. ಮೊಣಕಾಲು ಹೋಗಿವೆ, ಇನ್ನು ನಡೆಯಲಾರೆ, ಬಾಗಿಲಿರುವ ಒಂದು ಮನೆ ಬೇಕು. ಹುಲಗಪ್ಪ ಕೆಲವು ದಿನ ಗೊಣಗಿದ, ಆಮೇಲೆ ಹಿಂಡು ಮಾರಿದ. ಒಂದು ಟಗರನ್ನು ಮಾತ್ರ ಉಳಿಸಿಕೊಂಡ.

ಮನೆ ಮಾರಲು ನಿಂತವನು ಕಿರಾಣಿ ಸೂಗಪ್ಪ. ಶಹಾಪುರದಲ್ಲಿ ಹೊಸ ಮನೆ ಕಟ್ಟಿಸಿಕೊಂಡು ಹೊರಟಿದ್ದ. ಹಳೆಯದಕ್ಕೆ ಹಸಿರು ಬಣ್ಣ ಬಳಿಸಿದ, ಪಡಸಾಲೆಗೆ ಹೊಸ ಫರಸಿ ಕಲ್ಲು ಹಾಸಿಸಿದ. ಎಲ್ಲವೂ ನನ್ನ ಕಣ್ಣೆದುರೇ ಆಯಿತು. ಬಿಟ್ಟು ಹೋಗುವ ಮನೆಗೆ ಇಷ್ಟು ಶೃಂಗಾರ ಯಾಕೆಂದು ಅನ್ನಿಸಿದ್ದು ನಿಜ, ಆದರೆ ವ್ಯಾಪಾರಿಯ ಬುದ್ಧಿ ಎಂದುಕೊಂಡೆ. ಗಂಡ ಹೆಂಡತಿ ಸಂಚಕಾರವೆಂದು ಮುಂಗಡ ಹಣ ಕೊಟ್ಟರು. ಶಹಾಪುರಕ್ಕೆ ಹೋಗಿ ರಜಿಸ್ಟ್ರಿ ಮಾಡಿಸುವುದೊಂದು ಬಾಕಿಯಿತ್ತು.

ಅದರ ಹಿಂದಿನ ದಿನ ಮಾಳಮ್ಮ ಗಂಡನ ಜೊತೆ ಬಂದು, ಸೂಗಪ್ಪನ ಎದುರೇ ಟಗರನ್ನು ಪಡಸಾಲೆಯಲ್ಲಿ ಕಟ್ಟಿದಳು. ಅಡವಿಯಲ್ಲಿ ಎಲ್ಲಿ ಬಿಡಾರ ಹೂಡಬೇಕಾದರೂ ಮೊದಲು ಕುರಿ ಮಲಗುತ್ತದೋ ಇಲ್ಲವೋ ನೋಡುವುದು ಅವರ ರೂಢಿ. ಕುರಿ ಮಲಗಿ ಮೆಲುಕು ಹಾಕಿದರೆ ಜಾಗ ಒಳ್ಳೆಯದು. ಟಗರು ಮಲಗಲಿಲ್ಲ. ನಿಂತಲ್ಲೇ ಕಾಲು ಬಡಿಯತೊಡಗಿತು. ಫರಸಿಯ ಕೆಳಗಿಂದ ಪೊಳ್ಳು ಸದ್ದು ಬಂತು.

ಮಾಳಮ್ಮ ಮಂಡಿಯೂರಿ ಕಲ್ಲು ತಟ್ಟಿ ನೋಡಿದಳು. ಪಕ್ಕದ ಗೋಡೆಯ ಬುಡದಲ್ಲಿ ಕುಡುಗೋಲಿನಿಂದ ಬಣ್ಣ ಕೆರೆದಳು. ಬೆರಳು ಹೋಗುವಷ್ಟು ಬಿರುಕು, ನೆಲದಿಂದ ಕಿಟಕಿಯವರೆಗೆ.

"ಏನ್ರಿ ಸೌಕಾರ್ರ, ಕೆಳಗ ಏನದ?"

ಸೂಗಪ್ಪ ಮೊದಲು ನಕ್ಕ, ಆಮೇಲೆ ಒಪ್ಪಿಕೊಂಡ. "ಹಳೇ ಹಗೇವು ಅದ. ನಮ್ಮ ಮುತ್ಯಾನ ಕಾಲದ್ದು. ಅದರಾಗೇನಿಲ್ಲ ತಗೋ."

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಬಾವಿಯಂಥ ಗುಂಡಿ. ಬಚ್ಚಲ ನೀರು ಎಷ್ಟೋ ವರ್ಷ ಅದರೊಳಗೆ ಇಂಗಿ, ಮಣ್ಣು ಕುಸಿದು, ಗೋಡೆ ಬಾಯಿ ಬಿಟ್ಟಿತ್ತು. ಅದನ್ನೇ ಬಣ್ಣ ಬಳಿದು ಮುಚ್ಚಿದ್ದ.

"ಗ್ವಾಡಿ ಬುಡ ಗಟ್ಟಿ ಇಲ್ಲಂದ್ರ ಈ ಮನಿ ಒಲ್ಲೆ" ಎಂದ ಹುಲಗಪ್ಪ.

"ಒಲ್ಲಂದ್ರ ಬಿಡು. ಕೇಳವರು ಬ್ಯಾರೆ ಅದಾರ. ನಾಳಿ ರಜಿಸ್ಟ್ರಿ, ಇವತ್ತ ಹೇಳಿಬಿಡು."

ಮಾಳಮ್ಮನಿಗೆ ಹೆದರಿಕೆಯಾಯಿತು. ಮನೆ ಕೈತಪ್ಪುವ ಹೆದರಿಕೆ. "ಇಳದು ನೋಡು" ಎಂದಳು ಗಂಡನಿಗೆ. "ಬುಡ ಚಲೋ ಇದ್ರ ತಗೊಳ್ಳೋಣು. ಬಿರುಕು ನಾವೇ ತುಂಬಿಕೊಂಡ್ರಾತು." ಈ ಮಾತನ್ನು ನನಗೆ ಹೇಳಿದವಳು ಆಕೆಯೇ.

ಇಬ್ಬರು ಗಂಡಸರೂ ಸೇರಿ ಕಲ್ಲು ಎಬ್ಬಿಸಿದರು. ಒಕ್ಕಲುತನದ ಮನೆಯವರು ಮುಚ್ಚಿದ ಹಗೇವನ್ನು ತೆರೆದ ಕೂಡಲೇ ಒಳಗೆ ಇಳಿಯುವುದಿಲ್ಲ. ಬಾಯಿ ತೆರೆದು ಒಂದು ದಿನ ಗಾಳಿಗೆ ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಇಳಿಯುತ್ತಾರೆ. ಕೊಳೆತ ಕಾಳಿನ ಗಾಳಿ ವಿಷ. ಕಾಳು ಕೂಡಿಡದ ಕುರುಬರಿಗೆ ಅದೆಲ್ಲಿಂದ ಗೊತ್ತಾಗಬೇಕು? ಹುಲಗಪ್ಪ ತಲೆಯ ಪಟಕಾ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟು, ಏಣಿ ಇಟ್ಟು ಇಳಿದ. "ವಾಸನಿ ಭಾಳ ಅದ" ಎಂದನಂತೆ. ಅಷ್ಟೇ.

ಸೂಗಪ್ಪನಿಗೆ ಗೊತ್ತಿತ್ತು. ಹಗೇವಿದ್ದ ಮನೆಯಲ್ಲೇ ಹುಟ್ಟಿ ಬೆಳೆದವನು. ಆ ಹೊತ್ತಿಗೆ ನೆನಪಾಗಲಿಲ್ಲ ಎಂದು ಇವತ್ತಿಗೂ ಆಣೆ ಹಾಕುತ್ತಾನೆ. ನನ್ನ ಹೆಂಡತಿ ನಂಬುತ್ತಾಳೆ, ನಾನು ನಂಬುವುದಿಲ್ಲ. ಒಂದು ದಿನ ಬಾಯಿ ತೆರೆದಿಟ್ಟರೆ ಊರೆಲ್ಲ ಬಂದು ಇಣುಕುತ್ತಿತ್ತು, ಗೋಡೆಯ ಕಥೆ ಬಯಲಾಗುತ್ತಿತ್ತು, ಕೇಳುವ ಗಿರಾಕಿ ಒಬ್ಬನೂ ಉಳಿಯುತ್ತಿರಲಿಲ್ಲ. ಆದರೆ ಇನ್ನೊಂದನ್ನೂ ಹೇಳಬೇಕು. ಗಂಡನ ಹಿಂದೆಯೇ ಇಳಿಯಹೋದ ಮಾಳಮ್ಮನನ್ನು ಸೆರಗು ಹಿಡಿದು ಎಳೆದು ಕೆಡವಿದವನೂ ಅವನೇ.

ಆಕೆ ಚೀರಿದ್ದು ಕೇಳಿ ನಾನು ಓಡಿದೆ. ಬಾವಿ ಕೆಲಸದ ಜಲಾಲುದ್ದೀನನನ್ನು ಫೋನು ಮಾಡಿ ಕರೆಸಿದೆವು. ಬಂದವನು ಮೊದಲು ಕಂದೀಲು ಇಳಿಬಿಟ್ಟ. ಅರ್ಧ ದಾರಿಗೇ ಆರಿತು. ಬೇವಿನ ಟೊಂಗೆಗಳನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸಿ ಗಾಳಿ ಬದಲಾಯಿಸಿದೆವು, ಕೊಡಗಟ್ಟಲೆ ನೀರು ಸುರಿದೆವು. ಆಕೆ ಹಗೇವಿನ ಬಾಯಿಯ ಅಂಚಿನಲ್ಲಿ ಕೂತು ಗಂಡನ ಹೆಸರು ಹಿಡಿದು ಕೂಗುತ್ತಲೇ ಇದ್ದಳು. ಗಂಡನ ಹೆಸರು ಎಂದೂ ಬಾಯಲ್ಲಿ ಹೇಳದವಳು. ಹುಲಗಪ್ಪನನ್ನು ಮೇಲಕ್ಕೆಳೆದಾಗ ಉಸಿರಿರಲಿಲ್ಲ. ನನಗೆ ಆ ಮುಖ ನೋಡಲಾಗಲಿಲ್ಲ, ಹೊರಗೆ ಬಂದು ಕೂತೆ.

ಪೊಲೀಸರು ಬಂದು ಆಕಸ್ಮಿಕವೆಂದು ಬರೆದುಕೊಂಡು ಹೋದರು. ದಿನಕರ್ಮ ಮುಗಿದ ಮೇಲೆ ಸೂಗಪ್ಪ ಸಂಚಕಾರ ಹಿಡಿದುಕೊಂಡು ಬಂದ. ಮಾಳಮ್ಮ ಆಗ ತಮ್ಮ ಮರಿಲಿಂಗಪ್ಪನ ಗುಡಿಸಲಲ್ಲಿದ್ದಳು. ನಾನೂ ಅಲ್ಲಿಯೇ ಇದ್ದೆ. ಮರಿಲಿಂಗಪ್ಪ ಹಣ ಇಸಿದುಕೊಳ್ಳಲು ಕೈ ಚಾಚಿದ, ಆಕೆ ಅವನ ಕೈ ತಳ್ಳಿದಳು.

"ರೊಕ್ಕ ಬ್ಯಾಡ. ಹಗೇವಿಗೆ ಮಣ್ಣು ತುಂಬಸ್ರಿ, ಗ್ವಾಡಿ ಕಟ್ಟಸ್ರಿ. ಮನಿ ನಂಗ ಬರದು ಕೊಡ್ರಿ."

ಮರಿಲಿಂಗಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಬುದ್ಧಿಗಿದ್ದಿ ಕೆಟ್ಟದೇನು? ಮಾಂವ ಸತ್ತ ಜಾಗದಾಗ ಹೋಗಿ ಮಲಗ್ತಿಯೇನು? ಮಂದಿ ಏನಂದಾರು?"

ಮಾಳಮ್ಮ ಅಳಲಿಲ್ಲ. ತಮ್ಮನನ್ನೇ ನೋಡಿದಳು.

"ಮೂರು ಕೂಸು ಹುಗದೀನಿ ನಾ. ಒಂದು ಥಂಡಿಗೆ ಹೋತು, ಒಂದು ಹುಟ್ಟಿದ ದಿನಾನೇ ಹೋತು, ಒಂದಕ್ಕ ಏನಾತೋ ಗೊತ್ತೇ ಆಗಲಿಲ್ಲ. ಎಲ್ಲಿ ಬಿಡಾರ ಇತ್ತೋ ಆ ಹೊಲದಾಗೇ ಹುಗದು ಮುಂದ ನಡದೀವಿ. ಈಗ ತೋರ್ಸು ಅಂದ್ರ ಯಾವ ಹೊಲ ಅಂತ ತೋರ್ಸಾಕ ಬರಂಗಿಲ್ಲ ನಂಗ. ನೇಗಿಲು ಹೊಡದಾರ ಮ್ಯಾಲ. ಇವನೊಬ್ಬ ಎಲ್ಲಿ ಹೋದ ಅಂತ ಗೊತ್ತದ. ಅದನ್ನೂ ಬಿಟ್ಟು ನಡಿ ಅಂತಿಯೇನು?"