ಸಮವಾದರೆ ಸಾಲದು

ಮಗಳ ಕಾಲೇಜು ತಂಡ ತನ್ನ ಡಿವಿಷನ್ನಿನಲ್ಲಿ ಮೊದಲ ಸ್ಥಾನಕ್ಕೆ ಬಂದ ದಿನ ನಾನು ಕೊಬ್ಬರಿ ಮಿಠಾಯಿ ಮಾಡಿಕೊಂಡು ಹೋಗಿದ್ದೆ. ಅಮೆರಿಕನ್ ಫುಟ್‌ಬಾಲು, ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆಟ. ಮಗಳು ಆಡುವವಳಲ್ಲ, ಆಡುವವರ ಕಾಲಿಗೆ ಟೇಪು ಸುತ್ತುವವಳು. ಕಾಲೇಜು ಸೇರಿದಂದಿನಿಂದ ಯೋಕೋಹಾಮಾದ ನಮ್ಮ ಬಾಲ್ಕನಿಯಲ್ಲಿ ನಮ್ಮ ಬಟ್ಟೆಗಿಂತ ತಂಡದ ಟವೆಲ್ಲುಗಳು ಒಣಗಿದ್ದೇ ಹೆಚ್ಚು.

ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಅವಳು ಕೈ ಅಡ್ಡ ಹಿಡಿದಳು. ಸುತ್ತ ನೋಡಿದರೆ ಗೆದ್ದವರಲ್ಲಿ ಯಾರೂ ನಗುತ್ತಿರಲಿಲ್ಲ. ಸಾಲಾಗಿ ನಿಂತು, ನಮ್ಮ ಕಡೆಗೆ ಬಗ್ಗಿ ನಮಸ್ಕರಿಸಿ, ಸಾಮಾನು ಕಟ್ಟತೊಡಗಿದ್ದರು.

"ಈಗ ಬೇಡ ಅಮ್ಮ. ನಾವಿನ್ನೂ ಏನೂ ಗೆದ್ದಿಲ್ಲ."

"ಚಾಂಪಿಯನ್ ಅಂತ ಇಲ್ಲಿನ ಕನ್ನಡದ ಆಂಟಿಗಳಿಗೆಲ್ಲ ಮೆಸೇಜ್ ಹಾಕಿಬಿಟ್ನಲ್ಲೇ."

"ಅಯ್ಯೋ, ಡಿಲೀಟ್ ಮಾಡು, ಪ್ಲೀಸ್."

ರೈಲಿನಲ್ಲಿ ವಿವರಿಸಿದಳು. ಮೇಲಿನ ಡಿವಿಷನ್ನಿನಲ್ಲಿ ಎಂಟು ತಂಡ, ಕೆಳಗಿನದರಲ್ಲೂ ಎಂಟು. ದೇಶದ ಚಾಂಪಿಯನ್ ಆಗುವ ದಾರಿ ಇರುವುದು ಮೇಲಿನವರಿಗೆ ಮಾತ್ರ. ಕೆಳಗೆ ಮೊದಲಿಗರಾದವರಿಗೆ ಸಿಗುವುದು ಮೇಲಿನ ಸಾಲಿನ ಕೊನೆಯವರ ಜೊತೆ ಇನ್ನೊಂದು ಪಂದ್ಯ, ಅಷ್ಟೇ. ಗೆದ್ದರೆ ಅವರ ಜಾಗ ಇವರಿಗೆ. ಸಮವಾದರೆ ಜಾಗ ಇದ್ದವರಿಗೇ. ಅದು ಮುಗಿದರೆ ನಾಲ್ಕನೆಯ ವರ್ಷದವರು ತಂಡ ಬಿಡಬೇಕು. ಮಗಳದೂ ನಾಲ್ಕನೆಯ ವರ್ಷ.

ಗೆದ್ದರೂ ಮೇಲೆ ಆಡುವವರು ಬೇರೆಯವರು, ನಿನಗೇನೇ ಸಿಕ್ಕಿತು ಎಂದು ಕೇಳಿದೆ.

"ನಾನು ಸೇರಿದಾಗ ಟೀಮ್ ಮೇಲಿತ್ತು ಅಮ್ಮ. ನಾವಿದ್ದಾಗಲೇ ಕೆಳಗೆ ಬಿತ್ತು. ಎಲ್ಲಿತ್ತೋ ಅಲ್ಲಿ ಇಟ್ಟು ಹೋಗ್ಬೇಕು."

ಅವಳು ಕನ್ನಡದಲ್ಲಿ ಅಷ್ಟುದ್ದ ಮಾತಾಡುವುದೇ ಅಪರೂಪ.

ಆ ಪಂದ್ಯದ ದಿನ ಬೆಳಿಗ್ಗೆ ಎದ್ದು ಮತ್ತೆ ತೆಂಗಿನಕಾಯಿ ತುರಿದೆ. ಇದನ್ನೂ ವಾಪಸ್ಸು ತಂದು ನಾವೇ ತಿನ್ನಬೇಕೇನೋ ಎಂದು ಮನೆಯವರು ಛೇಡಿಸಿದರು. ಡಬ್ಬಿಯನ್ನು ಸೀಟಿನ ಕೆಳಗಿಟ್ಟು ಕೂತೆ.

ಕೊನೆಯವರೆಗೂ ಏಳು ಅಂಕ ಹಿಂದೆ ಇದ್ದೆವು. ಇನ್ನೇನು ಮುಗಿಯಿತು ಅನ್ನುವಾಗ ನಮ್ಮವರು ಚೆಂಡನ್ನು ಗೆರೆ ದಾಟಿಸಿದರು, ಆರು ಬಂತು. ಮುಂದೆ ಒಂದೇ ಅವಕಾಶ. ಚೆಂಡನ್ನು ಕಂಬಗಳ ನಡುವೆ ಒದ್ದರೆ ಒಂದು ಅಂಕ, ಸಮ. ಮತ್ತೆ ಹೊತ್ತುಕೊಂಡು ಗೆರೆ ದಾಟಿದರೆ ಎರಡು, ಆದರೆ ಕಷ್ಟ. ಒದೆಯುವ ಆಟಗಾರ ಬೆಂಚು ಬಿಟ್ಟು ಏಳಲೇ ಇಲ್ಲ.

"ಸಲೀಸಾಗಿ ಸಮ ಮಾಡ್ಕೋಬಹುದಿತ್ತಲ್ಲೇ," ಎಂದರು ಮನೆಯವರು.

"ಸಮ ಆದ್ರೆ ಅವರೇ ಉಳ್ಕೋತಾರೆ ಕಣ್ರೀ."

ಮೈದಾನದ ಅಂಚಿನಲ್ಲಿ ಮಗಳು ಮಂಡಿಯೂರಿ ಒಬ್ಬ ಆಟಗಾರನ ಪಾದಕ್ಕೆ ಟೇಪು ಸುತ್ತುತ್ತಿದ್ದಳು. ಅವಸರವಿಲ್ಲ, ದಿನವೂ ಸುತ್ತುವ ಹಾಗೆಯೇ. ತುದಿ ಹರಿದು, ಒತ್ತಿ, ಹಿಮ್ಮಡಿಗೆ ಒಮ್ಮೆ ತಟ್ಟಿ ಕಳಿಸಿದಳು. ಚೆಂಡು ಅವನ ಕೈಗೇ ಹೋಯಿತು. ತಲೆ ತಗ್ಗಿಸಿ ನುಗ್ಗಿದ. ಅವನ ಮೇಲೆ ಎಲ್ಲರೂ ಬಿದ್ದರು, ಏನೂ ಕಾಣಲಿಲ್ಲ. ರೆಫರಿ ಬಗ್ಗಿ ನೋಡಿ, ಚೆಂಡು ಗೆರೆ ದಾಟಿದೆ ಎಂದು ಎರಡೂ ಕೈ ಮೇಲೆತ್ತಿದರು.

ಈ ಸಲ ನಮ್ಮವರು ಅತ್ತರು, ಕುಣಿದರು. ಮಗಳು ಓಡಿ ಬಂದು ಡಬ್ಬಿ ಕೇಳಿದಳು. ಮೊದಲ ತುಂಡನ್ನು ಅವಳ ಬಾಯಿಗೆ ಹಿಡಿದೆ. ಬೇಡವೆಂದು ತಲೆ ಆಡಿಸಿದಳು.

"ಮೊದಲು ಜೂನಿಯರ್ಸ್‌ಗೆ ಅಮ್ಮ. ಮೇಲೆ ಆಡೋರು ಅವರು."

ಡಬ್ಬಿ ಸಾಲು ಸುತ್ತಿ ಬರುವಾಗ ತಳದಲ್ಲಿ ಪುಡಿ ಉಳಿದಿತ್ತು. ಅದನ್ನೇ ಅಂಗೈಗೆ ಸುರಿದುಕೊಂಡು ತಿಂದು, ಕೈ ಒರೆಸಿಕೊಂಡು, ಉಳಿದ ಟೇಪಿನ ಸುರುಳಿಗಳನ್ನು ಮುಂದಿನ ವರ್ಷದವರ ಚೀಲಕ್ಕೆ ಜೋಡಿಸಲು ಹೋದಳು.